ಒಡಲಿನ ನೀರು ಹೇಳುವ ಸಮಾಚಾರ

ನಿಮ್ಮ ಮನೆಯ ರೇಡಿಯೋದ ತಿರುಪನ್ನು ಮೆಲ್ಲನೆ ತಿರುಗಿಸುತ್ತ ಹೋಗಿ. ಎಷ್ಟೋ ನಿಲಯಗಳ ಅಲೆಗಳು ಕೋಣೆಯನ್ನು ತುಂಬಿದ್ದರೂ ಮುಳ್ಳು ಗೊತ್ತಾದ ಜಾಗಕ್ಕೆ ಬಂದಾಗಲೇ ನಿಮಗೆ ಬೇಕಾದ ನಿಲಯ ದನಿಗೊಡುತ್ತದೆ. ಅಲೆಯ ಕಂಪನಕ್ಕೂ ಪೆಟ್ಟಿಗೆಯೊಳಗಿನ ಕಂಪನಕ್ಕೂ ಹೊಂದಿಕೆಯಾದಾಗ ನಡೆಯುವ ಈ ವ್ಯಾಪಾರಕ್ಕೆ ಅನುರಣನವೆಂದು ಹೆಸರು. ಆಸ್ಪತ್ರೆಗಳಲ್ಲಿ ಎಂ.ಆರ್.ಐ. ಎಂದು ಕರೆಯುವ ಪರೀಕ್ಷೆಯ ಮೂಲತತ್ತ್ವವೂ ಇದೇ. ಅಲ್ಲಿ ದನಿಗೊಡುವುದು ಮುಖ್ಯವಾಗಿ ನಮ್ಮ ಒಡಲಿನ ನೀರು.

ನೀರಿನ ಒಂದೊಂದು ಅಣುವಿನಲ್ಲೂ ಎರಡು ಜಲಜನಕದ ಪರಮಾಣುಗಳುಂಟು. ಆ ಪರಮಾಣುವಿನ ನಡುವಣ ಬೀಜವು ಪುಟ್ಟದೊಂದು ಅಯಸ್ಕಾಂತದಂತೆ ವರ್ತಿಸುತ್ತದೆ. ಬಲವಾದ ಅಯಸ್ಕಾಂತದ ನಡುವೆ ನೀರನ್ನಿರಿಸಿ, ತಕ್ಕ ಕಂಪನದ ರೇಡಿಯೋ ಅಲೆಯನ್ನು ಹಾಯಿಸಿದರೆ ಈ ಬೀಜಗಳು ಮಿಡಿಯುತ್ತವೆ. ಕ್ಷೀಣವಾದ ಸಂಕೇತವೊಂದನ್ನು ಮರಳಿ ಕಳುಹಿಸುತ್ತವೆ. ೧೯೪೬ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಫೆಲಿಕ್ಸ್ ಬ್ಲಾಕ್ ನೀರಿನಿಂದಲೂ, ಹಾರ್ವರ್ಡ್‌ನಲ್ಲಿ ಎಡ್ವರ್ಡ್ ಪರ್ಸೆಲ್ ಪ್ಯಾರಾಫಿನ್ ಮೇಣದಿಂದಲೂ ಈ ಸಂಕೇತವನ್ನು ಪಡೆದ ವರದಿಗಳನ್ನು ಬೇರೆ ಬೇರೆಯಾಗಿ ಪ್ರಕಟಿಸಿದರು. ೧೯೫೨ರ ನೊಬೆಲ್ ಪಾರಿತೋಷಕ ಇಬ್ಬರಿಗೂ ಸಂದಿತು.

ಆಗ ಈ ವಿದ್ಯೆಗೂ ರೋಗಿಯ ಹಾಸಿಗೆಗೂ ಬಲು ದೂರ. ಅಣುಗಳ ರಚನೆಯನ್ನು ತಿಳಿಯಲು ರಸಾಯನಶಾಸ್ತ್ರಜ್ಞರು ಇದನ್ನು ಬಳಸತೊಡಗಿದರು. ಅವರಿಗೆ ಇದ್ದ ಚಿಂತೆ ಒಂದೇ: ಅಯಸ್ಕಾಂತದ ಬಲ ಎಲ್ಲೆಡೆಯೂ ಒಂದೇ ಸಮನಾಗಿರಬೇಕು. ಎಳ್ಳಷ್ಟು ಏರುಪೇರಾದರೂ ಸಂಕೇತ ಮಸುಕಾಗುತ್ತಿತ್ತು. ಓದುಗರು ಈ ಮಾತನ್ನು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಇದರ ಮೇಲೆ ನಿಂತಿದೆ.

ಈ ಚರಿತ್ರೆಯ ಒಂದು ಪುಟ ನಮ್ಮ ಬೆಂಗಳೂರಿನದು. ಭಾರತೀಯ ವಿಜ್ಞಾನ ಮಂದಿರದ ಜಿ. ಸೂರ್ಯನ್ ಅವರು ೧೯೫೧ರಲ್ಲಿ ಹರಿಯುವ ನೀರಿನ ಸಂಕೇತವನ್ನು ಕುರಿತು ಪ್ರಬಂಧವೊಂದನ್ನು ಪ್ರಕಟಿಸಿದರು. ನಿಂತ ನೀರಿನ ಬೀಜಗಳು ರೇಡಿಯೋ ಅಲೆಯ ಪೆಟ್ಟಿಗೆ ದಣಿದು ಸಂಕೇತ ಕುಗ್ಗುತ್ತದೆ. ನೀರು ಹರಿದರೆ ದಣಿಯದ ಹೊಸ ನೀರು ಬಂದು ಸಂಕೇತ ಹೆಚ್ಚುತ್ತದೆ. ಇಂದು ಸೂಜಿ ಚುಚ್ಚದೆಯೇ ಮಿದುಳಿನ ರಕ್ತನಾಳಗಳ ಚಿತ್ರ ತೆಗೆಯುವ ಒಂದು ವಿಧಾನದ ಹಿಂದಿರುವುದು ಇದೇ ತತ್ತ್ವ. ಹೊಸದಾಗಿ ಹರಿದು ಬಂದ ರಕ್ತ ಅಲ್ಲಿ ಬೆಳ್ಳಗೆ ಹೊಳೆಯುತ್ತದೆ.

೧೯೭೧ರಲ್ಲಿ ನ್ಯೂಯಾರ್ಕಿನ ವೈದ್ಯ ರೇಮಂಡ್ ಡಮೇಡಿಯನ್ ಇಲಿಗಳ ಗಂತಿಗಳನ್ನು ಪರೀಕ್ಷಿಸಿ, ಅವುಗಳ ಬೀಜಗಳು ಮಿಡಿತದಿಂದ ಮೊದಲಿನ ಸ್ಥಿತಿಗೆ ಮರಳಲು ಆರೋಗ್ಯವಂತ ಅಂಗಾಂಶಕ್ಕಿಂತ ಹೆಚ್ಚು ಕಾಲ ಹಿಡಿಯುತ್ತವೆಂದು ತಿಳಿಸಿದರು. ಆದರೆ ಅದು ಕೊಯ್ದು ತೆಗೆದ ಅಂಗಾಂಶದ ಮಾತು. ಬದುಕಿರುವ ಮನುಷ್ಯನ ಒಡಲಿನಲ್ಲಿ ಯಾವ ಸಂಕೇತ ಯಾವ ಮೂಲೆಯಿಂದ ಬಂದಿತೆಂದು ತಿಳಿಯುವುದು ಹೇಗೆ?

ಇದಕ್ಕೆ ಉತ್ತರ ಹೇಳಿದವರು ರಸಾಯನಶಾಸ್ತ್ರಜ್ಞ ಪಾಲ್ ಲಾಟರ್‌ಬರ್. ಎಲ್ಲರೂ ದೋಷವೆಂದು ತೊಡೆಯಲೆತ್ನಿಸುತ್ತಿದ್ದ ಏರುಪೇರನ್ನು ಅವರು ಬೇಕೆಂದೇ ಬರಮಾಡಿಕೊಂಡರು. ಅಯಸ್ಕಾಂತದ ಬಲವನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಕ್ರಮವಾಗಿ ಏರುವಂತೆ ಮಾಡಿದರೆ, ಒಂದೊಂದು ತಾಣವೂ ತನ್ನದೇ ಕಂಪನದಲ್ಲಿ ಮಿಡಿಯುತ್ತದೆ. ರೇಡಿಯೋದಲ್ಲಿ ಒಂದೊಂದು ನಿಲಯಕ್ಕೆ ಒಂದೊಂದು ಮೀಟರು ಇದ್ದಂತೆ! ಈ ಉಪಾಯದಿಂದ ಅವರು ಎರಡು ಸಣ್ಣ ಕೊಳವೆಗಳಲ್ಲಿದ್ದ ನೀರಿನ ಚಿತ್ರವನ್ನು ತೆಗೆದರು. ‘ನೇಚರ್’ ಪತ್ರಿಕೆ ಆ ಪ್ರಬಂಧವನ್ನು ಮೊದಲು ಹಿಂತಿರುಗಿಸಿತು; ಅವರು ಪಟ್ಟು ಬಿಡದಿದ್ದುದರಿಂದ ೧೯೭೩ರಲ್ಲಿ ಅದೇ ಪತ್ರಿಕೆಯಲ್ಲಿ ಪ್ರಕಟವಾಯಿತು.

ಮುಂದಿನ ಹೆಜ್ಜೆಗೆ ಧೈರ್ಯವೂ ಬೇಕಾಯಿತು. ೧೯೭೭ರ ಜುಲೈ ೩ರಂದು ಡಮೇಡಿಯನ್ನರ ಸಹಾಯಕರೊಬ್ಬರು ಸುಮಾರು ಐದು ಗಂಟೆಗಳ ಕಾಲ ಯಂತ್ರದೊಳಗೆ ಕುಳಿತು ತಮ್ಮ ಎದೆಯ ಚಿತ್ರ ತೆಗೆಸಿಕೊಂಡರು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಪೀಟರ್ ಮ್ಯಾನ್ಸ್‌ಫೀಲ್ಡ್ ಚಿತ್ರಣವನ್ನು ಶೀಘ್ರಗೊಳಿಸುವ ಗಣಿತವನ್ನು ರಚಿಸಿದರು. ಹೃದಯಕ್ಕೆ ಅಪಾಯವಾದೀತೆಂಬ ಎಚ್ಚರಿಕೆಯಿದ್ದರೂ ೧೯೭೮ರಲ್ಲಿ ಅವರು ತಾವೇ ಯಂತ್ರವನ್ನು ಹೊಕ್ಕರು. ೧೯೮೦ರ ಆಗಸ್ಟಿನಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಜಾನ್ ಮಲ್ಲಾರ್ಡರ ತಂಡದವರು ರೋಗಿಯೊಬ್ಬನ ಎದೆಯ ಗಂತಿಯನ್ನೂ, ಅದು ಯಕೃತ್ತಿಗೂ ಮೂಳೆಗೂ ಹಬ್ಬಿದ್ದುದನ್ನೂ ಚಿತ್ರದಲ್ಲಿ ಕಂಡರು. ಪ್ರಯೋಗಶಾಲೆಯ ವಿದ್ಯೆ ಅಂದು ವೈದ್ಯನ ಕೈಗೆ ಬಂದಿತು.

೨೦೦೩ರಲ್ಲಿ ಲಾಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ತಮ್ಮನ್ನು ಕೈಬಿಟ್ಟುದು ಅನ್ಯಾಯವೆಂದು ಡಮೇಡಿಯನ್ ವೃತ್ತಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಹಾಕಿಸಿದರು. ಹಲವರು ಹೊತ್ತ ಪಲ್ಲಕ್ಕಿಯಲ್ಲಿ ಮೊದಲ ಹೆಗಲು ಯಾರದೆಂದು ತೀರ್ಮಾನಿಸುವುದು ಸುಲಭವಲ್ಲ.

ನಿಮಗಾಗಲಿ ನಿಮ್ಮ ಮನೆಯವರಿಗಾಗಲಿ ಈ ಪರೀಕ್ಷೆ ಬೇಕಾದೀತು. ಇದರಲ್ಲಿ ಕ್ಷ-ಕಿರಣಗಳಿಲ್ಲ. ಆದರೆ ಅಯಸ್ಕಾಂತ ಬಲು ಪ್ರಬಲ. ಒಡಲಿನಲ್ಲಿ ಲೋಹದ ಚೂರಾಗಲಿ, ಹೃದಯದ ಬಡಿತ ನಡೆಸುವ ಉಪಕರಣವಾಗಲಿ ಇದ್ದರೆ ಮೊದಲೇ ತಿಳಿಸಬೇಕು. ಒಳಗೆ ಮಲಗಿದಾಗ ಕಿವಿಗೆ ಬೀಳುವ ಡಬಡಬ ಸದ್ದಿಗೆ ಹೆದರಬೇಕಾಗಿಲ್ಲ. ಕಾಂತಬಲವನ್ನು ಏರುಪೇರು ಮಾಡುವ ತಂತಿಸುರುಳಿಗಳು ವಿದ್ಯುತ್ತಿನ ಪೆಟ್ಟಿಗೆ ಅದುರುವ ಸದ್ದು ಅದು. ಒಂದು ಕಾಲಕ್ಕೆ ವಿಜ್ಞಾನಿಗಳು ದೋಷವೆಂದು ದೂರವಿಟ್ಟದ್ದೇ ಅಲ್ಲಿ ಸದ್ದುಮಾಡುತ್ತ ನಿಮ್ಮ ಒಡಲಿನ ಚಿತ್ರವನ್ನು ಬರೆಯುತ್ತಿರುತ್ತದೆ.