ಪೆಟ್ಟಿಗೆಯೊಳಗಿನ ಹಾವು ಮತ್ತು ತಾಪದ ಚರಿತ್ರೆ

ಒಂದು ಡಿಸೆಂಬರಿನ ಸಂಜೆ ಭದ್ರಾವತಿಯಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ. "ಸರ್, ನಾನು ಹೊಸದಾಗಿ ತಂದ ಹಾವು ತಿಂದದ್ದನ್ನು ಕಕ್ಕುತ್ತಿದೆ. ಚಳಿಗೆ ಬಿಸಿ ಸಾಲುತ್ತಿಲ್ಲ ಅಂತ ಕಾಣುತ್ತೆ. ಎಷ್ಟು ವಾಟಿನ ಹೀಟರ್ ಹಾಕಬೇಕು?" ಹಾವು ಸಾಕುವುದರಲ್ಲಿ ನನಗೆ ಅನುಭವವಿಲ್ಲ. ಆದರೆ ವಾಟಿನ ಪ್ರಶ್ನೆ ಭೌತವಿಜ್ಞಾನದ್ದು. ಮರುದಿನ ಬೆಳಿಗ್ಗೆ ಶಿವಮೊಗ್ಗದಲ್ಲಿ ಬಸ್ಸು ಹತ್ತಿದೆ.

ಅವನ ಮನೆಯಲ್ಲಿದ್ದದ್ದು ಅಮೆರಿಕ ಮೂಲದ, ವಿಷವಿಲ್ಲದ ಕಾರ್ನ್ ಸ್ನೇಕ್‌ನ ಮರಿ. ಒಂದೂವರೆ ಗೇಣು ಉದ್ದ; ಕಿತ್ತಳೆ ಬಣ್ಣದ ಮೈಮೇಲೆ ಕೆಂಪು ಮಚ್ಚೆಗಳು. ಗಾಜಿನ ಪೆಟ್ಟಿಗೆಯ ತಳದ ತುಂಬ ವಿದ್ಯುತ್ ಬಿಸಿಹಾಸು ಹಾಸಿತ್ತು. ಮುಚ್ಚಳದ ಕೆಳಗೆ ಅಂಟಿಸಿದ್ದ ತಾಪಮಾಪಕ 26 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿತ್ತು. ಹಾವು ನೀರಿನ ಬಟ್ಟಲನ್ನು ಸುತ್ತಿ ಮಲಗಿತ್ತು.

ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಬಳಿ ದುಡಿದು ನಿವೃತ್ತರಾದ ಹುಡುಗನ ತಂದೆ ಅದನ್ನು ನೋಡಿ ಹೇಳಿದರು: "ಮೇಷ್ಟ್ರೇ, ಇವನು ಅಳೆದಿರೋದು ಮೇಲೆ, ಹಾವು ಮಲಗಿರೋದು ಕೆಳಗೆ. ನಾವು ಹೊಗೆ ಎಷ್ಟು ಬಿಸಿ ಅಂತ ನೋಡಿ ಕಬ್ಬಿಣದ ಲೆಕ್ಕ ಬರೆದಿದ್ದರೆ ಮನೆಗೆ ಕಳಿಸುತ್ತಿದ್ದರು."

ನಾನು ಒಯ್ದಿದ್ದ ಮಲ್ಟಿಮೀಟರಿನ ಥರ್ಮೋಕಪಲ್ ತುದಿಯನ್ನು ತಳದ ಮೇಲಿಟ್ಟೆವು. ಅಂಕಿ 42ಕ್ಕೆ ಏರಿತು. ಮರಿಗೆ ಚಳಿಯಾಗಿರಲಿಲ್ಲ, ಅದು ಬೇಯುತ್ತಿತ್ತು. ಹುಡುಗ ಕೇಳಿದಂತೆ ವಾಟು ಹೆಚ್ಚಿಸಿದ್ದರೆ ಅದು ಬದುಕುತ್ತಿರಲಿಲ್ಲ.

ಹುಡುಗನನ್ನು ಬೈಯಲು ಮನಸ್ಸಾಗಲಿಲ್ಲ. ಈ ತಪ್ಪಿಗೆ ದೊಡ್ಡ ಚರಿತ್ರೆಯಿದೆ.

ಹೆಸರು ಮತ್ತು ನಂಟು

ಕಾರ್ನ್ ಸ್ನೇಕ್‌ನ ತವರು ಅಮೆರಿಕ ಸಂಯುಕ್ತ ಸಂಸ್ಥಾನಗಳ ಆಗ್ನೇಯ ಭಾಗ. 1766ರಲ್ಲಿ ಲಿನೇಯಸ್ ಇದಕ್ಕೆ ಕೊಲ್ಯೂಬರ್ ಗುಟ್ಟೇಟಸ್ ಎಂದು ಹೆಸರಿಟ್ಟ. ಇಂದಿನ ಹೆಸರು ಪ್ಯಾಂಥೆರೋಫಿಸ್ ಗುಟ್ಟೇಟಸ್. ಹೊಟ್ಟೆಯ ಮೇಲಿನ ಕಪ್ಪು-ಬಿಳಿ ಚೌಕಗಳು ಮುಸುಕಿನ ಜೋಳದ ಬಣ್ಣಬಣ್ಣದ ಕಾಳುಗಳಂತೆ ಕಾಣುವುದರಿಂದ ಈ ಹೆಸರು ಬಂತೆಂದು ಕೆಲವರು ಹೇಳುತ್ತಾರೆ. ಜೋಳದ ಕಣಜಗಳಲ್ಲಿ ಇಲಿ ಹಿಡಿಯಲು ಬರುತ್ತಿದ್ದುದೇ ಕಾರಣ ಎಂದು ಇನ್ನು ಕೆಲವರ ಅಭಿಪ್ರಾಯ.

ನಮ್ಮ ಸೀಮೆಯಲ್ಲೂ ಇದರ ದೂರದ ನೆಂಟನಿದೆ. ಟ್ರಿಂಕೆಟ್ ಹಾವು ಎಂದು ಪುಸ್ತಕಗಳಲ್ಲಿ ಕರೆಯುವ ಕಂದುಬಣ್ಣದ, ವಿಷರಹಿತ ಹಾವು ಅದು. ಬಹುಕಾಲ ಇವೆರಡನ್ನೂ ಇಲಾಫೆ ಎಂಬ ಒಂದೇ ಕುಲದಲ್ಲಿ ಸೇರಿಸಿದ್ದರು. ಅನಂತರ ಬೇರೆ ಬೇರೆ ಕುಲಗಳಿಗೆ ಹಂಚಲಾಯಿತು. ಗದ್ದೆ, ಕಣಜಗಳಲ್ಲಿ ಇಲಿ ಹಿಡಿಯುವ ನಮ್ಮ ಕೇರೆ ಹಾವಿನ ಕಸುಬೂ ಇದೇ.

ಬಿಸಿ ಕೋಣೆಯಿಂದ ಬಿಸಿ ಮೂಲೆಗೆ

ಸಾರ್ವಜನಿಕರಿಗಾಗಿ ಸರೀಸೃಪಗಳದ್ದೇ ಪ್ರತ್ಯೇಕ ಗೃಹ ಮೊದಲು ತೆರೆದದ್ದು ಲಂಡನ್ ಮೃಗಾಲಯದಲ್ಲಿ, 1849ರಲ್ಲಿ. ಮೂರೇ ವರ್ಷಗಳಲ್ಲಿ, 1852ರಲ್ಲಿ, ಅಲ್ಲಿನ ಪಾಲಕನೊಬ್ಬ ನಾಗರಹಾವು ಕಚ್ಚಿ ಸತ್ತ. ಸಂದರ್ಶಕರಿಗೆ ಹಾವಿನ ಭಯವಷ್ಟೇ ಗೊತ್ತಿತ್ತು. ಪಾಲಕರಿಗೆ ಹಾವುಗಳನ್ನು ಬದುಕಿಸಿಕೊಳ್ಳುವ ಚಿಂತೆಯೂ ಇತ್ತು. ಉಷ್ಣವಲಯದ ಪ್ರಾಣಿಗೆ ಬಿಸಿ ಬೇಕು, ಆದ್ದರಿಂದ ಇಡೀ ಕೋಣೆಯನ್ನು ಒಂದೇ ಸಮನೆ ಕಾಯಿಸಿದರಾಯಿತು ಎಂಬುದು ಅಂದಿನ ಸಾಮಾನ್ಯ ತಿಳಿವಳಿಕೆ.

ಇದನ್ನು ಬದಲಿಸಿದವರಲ್ಲಿ ಜೋನ್ ಪ್ರಾಕ್ಟರ್ ಪ್ರಮುಖರು. ಬಾಲ್ಯದಿಂದಲೂ ಕಾಯಿಲೆಯಲ್ಲಿ ನರಳುತ್ತಿದ್ದ ಈ ಮಹಿಳೆ 1923ರಲ್ಲಿ ಲಂಡನ್ ಮೃಗಾಲಯದ ಸರೀಸೃಪ ವಿಭಾಗದ ಮೇಲ್ವಿಚಾರಕರಾದರು. ಅವರ ಯೋಜನೆಯಂತೆ 1927ರಲ್ಲಿ ಹೊಸ ಸರೀಸೃಪ ಗೃಹ ತೆರೆಯಿತು. ಅಲ್ಲಿ ಪಂಜರದೊಳಗೆ ಬೇಕಾದ ಜಾಗಕ್ಕಷ್ಟೇ ವಿದ್ಯುತ್ತಿನಿಂದ ಬಿಸಿ ಕೊಡುವ ಏರ್ಪಾಟಿತ್ತು. ಅತಿನೇರಳೆ ಕಿರಣಗಳನ್ನು ಒಳಗೆ ಬಿಡುವ ವಿಶೇಷ ಗಾಜನ್ನೂ ಬಳಸಿದರು. ಬಿಸಿ ಕೋಣೆಯ ಜಾಗಕ್ಕೆ ಬಿಸಿ ಮೂಲೆ ಬಂದಿತ್ತು. ಪ್ರಾಕ್ಟರ್ 1931ರಲ್ಲಿ, 34ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಮರಳುಗಾಡಿನ ಪಾಠ

ಬಿಸಿ ಮೂಲೆ ಏಕೆ ಒಳ್ಳೆಯದು ಎಂಬುದಕ್ಕೆ ಗಟ್ಟಿಯಾದ ಅಳತೆಗಳು ದೊರೆತದ್ದು ಕ್ಯಾಲಿಫೋರ್ನಿಯದ ಮರಳುಗಾಡಿನಲ್ಲಿ. ರೇಮಂಡ್ ಕೌಲ್ಸ್ ಮತ್ತು ಚಾರ್ಲ್ಸ್ ಬೋಗರ್ಟ್ ಅಲ್ಲಿನ ಹಲ್ಲಿ, ಹಾವುಗಳ ದೇಹದ ತಾಪವನ್ನು ಅಳೆದು 1944ರಲ್ಲಿ ಫಲಿತಾಂಶ ಪ್ರಕಟಿಸಿದರು. ಸರೀಸೃಪದ ಮೈ ಸುತ್ತಲಿನ ಗಾಳಿಯ ತಾಪವನ್ನೇ ಅನುಸರಿಸುತ್ತದೆ ಎಂಬ ನಂಬಿಕೆ ಅಲ್ಲಿಗೆ ಸಡಿಲವಾಯಿತು. ಬಿಸಿಲಿಗೆ ಬಂದು, ನೆರಳಿಗೆ ಸರಿದು, ಮರಳಿನೊಳಗೆ ಹುದುಗಿ, ಚಟುವಟಿಕೆಯ ವೇಳೆಯಲ್ಲಿ ಈ ಪ್ರಾಣಿಗಳು ತಮ್ಮ ತಾಪವನ್ನು ಕೆಲವೇ ಡಿಗ್ರಿಗಳ ಮಿತಿಯೊಳಗೆ ಕಾಯ್ದುಕೊಳ್ಳುತ್ತಿದ್ದವು. 1930-40ರ ದಶಕಗಳ ಇಂಥ ಪ್ರಯೋಗಗಳಲ್ಲಿ ನೆರಳಿಗೆ ಹೋಗದಂತೆ ತಡೆದ ಮರಳುಗಾಡಿನ ಹಾವುಗಳು ಬಿಸಿಲಿನಲ್ಲಿ ನಿಮಿಷಗಳಲ್ಲೇ ಸತ್ತವು.

ಆದ್ದರಿಂದ 'ಶೀತರಕ್ತ ಪ್ರಾಣಿ' ಎಂಬ ನಮ್ಮ ಪಠ್ಯಪುಸ್ತಕದ ಮಾತು ದಾರಿ ತಪ್ಪಿಸುತ್ತದೆ. ಹಾವಿನ ರಕ್ತ ತಣ್ಣಗಿರಬೇಕೆಂದೇನೂ ಇಲ್ಲ. ಅದು ದೇಹದೊಳಗೆ ಸಾಕಷ್ಟು ಉಷ್ಣ ಉತ್ಪಾದಿಸದೆ ಹೊರಗಿನಿಂದ ಪಡೆಯುತ್ತದೆ, ಅಷ್ಟೆ. ಹಾವಿಗೆ ತಾಪನಿಯಂತ್ರಣ ಎಂದರೆ ಜಾಗ ಬದಲಿಸುವುದು. ಜಾಗ ಬದಲಿಸಲಾಗದ ಪೆಟ್ಟಿಗೆಯಲ್ಲಿಟ್ಟರೆ ಆ ನಿಯಂತ್ರಣವನ್ನೇ ಕಿತ್ತುಕೊಂಡಂತೆ.

ಹಳ್ಳಿಯವರಿಗೆ ಇದರ ಉದಾಹರಣೆ ಕಣ್ಣೆದುರೇ ಇದೆ: ಹುತ್ತ. ಅದನ್ನು ಕಟ್ಟುವುದು ಗೆದ್ದಲು, ಸೇರಿಕೊಳ್ಳುವುದು ಹಾವು. ಬಾಯಿಯ ಬಳಿ ಬಿಸಿಲಿನ ಕಾವು, ಆಳದಲ್ಲಿ ತಂಪು ಮತ್ತು ತೇವ. ನಾಗರಪಂಚಮಿಯಂದು ನಾವು ಎರೆಯುವ ಹಾಲು ಹಾವಿನ ಆಹಾರವಲ್ಲ. ಈ ತಾಪದ ಇಳಿಜಾರು ಮಾತ್ರ ಅದಕ್ಕೆ ನಿಜವಾಗಿ ಬೇಕಾದದ್ದು.

ಪ್ರಯೋಗಶಾಲೆಯಿಂದ ಮನೆಗೆ

ಕಾರ್ನ್ ಸ್ನೇಕ್ ಮನೆಗಳಿಗೆ ಬಂದದ್ದರ ಹಿಂದೆ ತಳಿವಿಜ್ಞಾನವೂ ಇದೆ. ಕಪ್ಪು ವರ್ಣಕವಿಲ್ಲದ ಒಂದು ಹಾವು 1953ರಲ್ಲಿ ಉತ್ತರ ಕೆರೊಲಿನದಲ್ಲಿ ಸಿಕ್ಕಿತು. ಚರ್ಮರೋಗ ವೈದ್ಯ ಬರ್ನಾರ್ಡ್ ಬೆಕ್ಟೆಲ್ ಅದರಿಂದ ಸಂತಾನ ಪಡೆದು, ಆ ಗುಣ ಮೆಂಡೆಲನ ನಿಯಮದಂತೆ ಅಪ್ರಬಲವಾಗಿ ಸಾಗುತ್ತದೆಂದು 1962ರಲ್ಲಿ ತೋರಿಸಿದರು. ಇಂದು ಮಾರಾಟವಾಗುವ ಬಗೆಬಗೆಯ ಬಣ್ಣದ ಮರಿಗಳ ಚರಿತ್ರೆ ಅಲ್ಲಿಂದ ಶುರುವಾಗುತ್ತದೆ.

ಬೇಕಾದ ಇನ್ನೊಂದು ಸಾಧನ ಇನ್ನೂ ಹಳೆಯದು. ಎರಡು ಲೋಹಗಳ ಅಸಮ ವ್ಯಾಕೋಚನದಿಂದ ಬಾಗುವ ಪಟ್ಟಿಯನ್ನು ಬಳಸಿ ಆಂಡ್ರ್ಯೂ ಯೂರ್ 1830ರಲ್ಲಿ ಥರ್ಮೋಸ್ಟಾಟ್‌ಗೆ ಪೇಟೆಂಟ್ ಪಡೆದಿದ್ದ. ಇಸ್ತ್ರಿಪೆಟ್ಟಿಗೆಯಲ್ಲಿರುವುದೂ ಅದೇ ತತ್ತ್ವ. ಭದ್ರಾವತಿಯ ಆ ಗಾಜಿನ ಪೆಟ್ಟಿಗೆಯಲ್ಲಿ ಇಲ್ಲದಿದ್ದದ್ದು ಇಂಥದೊಂದು ನಿಯಂತ್ರಕವೇ.

ಪೆಟ್ಟಿಗೆಯನ್ನು ತಿದ್ದಿದ ಬಗೆ

ಬಿಸಿಹಾಸನ್ನು ತಳದ ಮೂರನೆಯ ಒಂದು ಭಾಗಕ್ಕೆ ಸೀಮಿತಗೊಳಿಸಿ, ಗಾಜಿನ ಹೊರಗೆ ಇಟ್ಟೆವು. ಥರ್ಮೋಸ್ಟಾಟಿನ ಸಂವೇದಕವನ್ನು ಹಾವು ಮಲಗುವ ಮೇಲ್ಮೈಯಲ್ಲೇ ಅಂಟಿಸಿ 30 ಡಿಗ್ರಿಗೆ ನಿಲ್ಲಿಸಿದೆವು. ತಂಪು ತುದಿ 23ರ ಆಸುಪಾಸಿನಲ್ಲಿ ನಿಂತಿತು. ಎರಡೂ ತುದಿಗೆ ಒಂದೊಂದು ಅಡಗುತಾಣ ಇಟ್ಟೆವು. ಒಂದೇ ಇಟ್ಟರೆ ಹಾವು ಹೆದರಿಕೆ ಮತ್ತು ತಾಪಗಳ ನಡುವೆ ಒಂದನ್ನು ಆರಿಸಬೇಕಾಗುತ್ತದೆ. ಮುಚ್ಚಳಕ್ಕೆ ಕೊಂಡಿ ಹಾಕಿದೆವು. ತಲೆ ತೂರುವ ಸಂದಿನಲ್ಲಿ ಹಾವು ಪೂರ್ತಿ ತೂರುತ್ತದೆ.

ಕಕ್ಕಿದ ಮರಿಗೆ ಸುಮಾರು ಹತ್ತು ದಿನ ಆಹಾರ ಕೊಡದೆ, ಮುಟ್ಟದೆ ಬಿಡಬೇಕೆಂದು ಪಶುವೈದ್ಯರು ಹೇಳಿದರು. ಸಾಮಾನ್ಯವಾಗಿ ಹೊಸದಾಗಿ ತಂದ ಮರಿಯನ್ನು ಮೊದಲ ವಾರ ಹಿಡಿದಾಡಿಸಬಾರದು. ಐದರಿಂದ ಏಳು ದಿನಕ್ಕೊಮ್ಮೆ, ಅದರ ಮೈ ದಪ್ಪವನ್ನು ಹೆಚ್ಚು ಮೀರದ ಇಲಿಮರಿ ಕೊಡಬೇಕು. ತಿಂದ ಮೇಲೆ ಎರಡು ದಿನ ಮುಟ್ಟಬಾರದು. ಮುಟ್ಟಿದ ಮೇಲೆ ಕೈಯನ್ನು ಸೋಪಿನಿಂದ ತೊಳೆಯಬೇಕು, ಸಾಲ್ಮೊನೆಲ್ಲ ಬ್ಯಾಕ್ಟೀರಿಯಾ ಇರಬಹುದು. ಜೀರ್ಣಕ್ರಿಯೆಯ ಕಿಣ್ವಗಳ ವೇಗ ತಾಪವನ್ನು ಅವಲಂಬಿಸಿರುವುದರಿಂದ ತಣ್ಣಗಿನ ಹಾವಿನ ಹೊಟ್ಟೆಯಲ್ಲಿ ಆಹಾರ ಕೊಳೆಯುತ್ತದೆ; ಅತಿ ಬಿಸಿಯಾದರೂ ಹಾವು ಕಕ್ಕುತ್ತದೆ.

ನಮ್ಮಲ್ಲಿ ಚಳಿಗಾಲದ ರಾತ್ರಿ 15 ಡಿಗ್ರಿಯ ಹತ್ತಿರಕ್ಕೆ ಇಳಿಯುತ್ತದೆ, ಏಪ್ರಿಲ್ ಹಗಲು 36 ದಾಟುತ್ತದೆ. ಜನವರಿಯಲ್ಲಿ ಕರೆಂಟು ಹೋದರೆ ಪೆಟ್ಟಿಗೆಗೆ ಕಂಬಳಿ ಹೊದಿಸಬೇಕು. ಬೇಸಿಗೆಯಲ್ಲಿ ಹಾಸನ್ನೇ ಆರಿಸಿ ತಂಪಿನ ಕಡೆ ನೋಡಬೇಕು.

ಬಿಟ್ಟುಬಿಡಬಹುದೇ?

ಹಾವು ಕಕ್ಕಿದ ರಾತ್ರಿ ಗಾಬರಿಯಾಗಿ ಅದನ್ನು ಭದ್ರಾ ದಂಡೆಯ ಕಬ್ಬಿನ ಗದ್ದೆಗೆ ಬಿಟ್ಟುಬಿಡಲು ಹೊರಟಿದ್ದೆ ಎಂದು ಹುಡುಗ ಒಪ್ಪಿಕೊಂಡ. ಅದು ಎರಡನೆಯ ತಪ್ಪಾಗುತ್ತಿತ್ತು. ಎರಡನೆಯ ಮಹಾಯುದ್ಧದ ನಂತರ ಗುವಾಮ್ ದ್ವೀಪಕ್ಕೆ ಸಾಮಾನುಗಳೊಡನೆ ಬಂದ ಒಂದು ಹೊರಗಿನ ಮರಹಾವು ಕೆಲವೇ ದಶಕಗಳಲ್ಲಿ ಅಲ್ಲಿನ ಕಾಡಿನ ಬಹುಪಾಲು ಹಕ್ಕಿಗಳನ್ನು ಇಲ್ಲವಾಗಿಸಿತು. ಕಾರ್ನ್ ಸ್ನೇಕ್ ಕೂಡ ಕೆರೀಬಿಯನ್‌ನ ಕೆಲವು ದ್ವೀಪಗಳಲ್ಲಿ ನೆಲೆಯೂರಿದೆ. ಅದು 15-20 ವರ್ಷ ಬದುಕುವ ಪ್ರಾಣಿ. ತರುವ ಮುನ್ನವೇ ಈ ಲೆಕ್ಕ ಹಾಕಬೇಕು. ಖರೀದಿಯ ದಾಖಲೆ ಇಟ್ಟುಕೊಂಡು ಅರಣ್ಯ ಇಲಾಖೆಯಲ್ಲಿ ವಿಚಾರಿಸುವುದೂ ಅಗತ್ಯ. ಇನ್ನು ನಮ್ಮದೇ ಕಾಡು-ಹೊಲಗಳ ಹಾವುಗಳನ್ನು 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆ ರಕ್ಷಿಸುತ್ತದೆ. ಅವನ್ನು ಹಿಡಿದು ಸಾಕುವಂತಿಲ್ಲ.

ಅವುಗಳನ್ನು ಅರಿಯಲು ಬೇರೆ ದಾರಿ ಇದೆ. ನಮ್ಮದೇ ಜಿಲ್ಲೆಯ ಆಗುಂಬೆಯಲ್ಲಿ ರೋಮುಲಸ್ ವಿಟೇಕರ್ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಸ್ಥಾಪಿಸಿದರು. ಅಲ್ಲಿ ಕಾಳಿಂಗ ಸರ್ಪಕ್ಕೆ ರೇಡಿಯೊ ಪ್ರೇಷಕ ಅಳವಡಿಸಿ, ಕಾಡಿಗೆ ಬಿಟ್ಟು, ಹಿಂದೆ ನಡೆದು ಅಧ್ಯಯನ ಮಾಡಿದರು. ಎಲ್ಲಿಗೆ ಹೋಗಬೇಕೆಂಬ ತೀರ್ಮಾನ ಅಲ್ಲಿ ಹಾವಿನದೇ.

ಫೆಬ್ರವರಿಯಲ್ಲಿ ಮರಿ ಪೊರೆ ಕಳಚಿತು. ತಿಂದದ್ದು ಒಳಗೇ ಉಳಿಯುತ್ತಿದೆ. ಹುಡುಗ ದಿನಕ್ಕೆ ಮೂರು ಬಾರಿ ಎರಡೂ ತುದಿಯ ತಾಪವನ್ನೂ ಹಾವು ಇರುವ ಜಾಗವನ್ನೂ ಬರೆದಿಡುತ್ತಿದ್ದಾನೆ. ತಿಂದ ಮರುದಿನಗಳಲ್ಲಿ ಅದು ಬಿಸಿ ತುದಿಯಲ್ಲೇ ಹೆಚ್ಚು ಇರುವುದು ಅವನ ಪುಸ್ತಕದಲ್ಲಿ ಸ್ಪಷ್ಟವಾಗಿದೆ.

ಶಿಕ್ಷಕರು ಇದನ್ನು ಹಾವಿಲ್ಲದೆಯೂ ಮಾಡಿಸಬಹುದು. ಒಂದು ಖಾಲಿ ರಟ್ಟಿನ ಪೆಟ್ಟಿಗೆಯ ಒಂದು ತುದಿಯ ಕೆಳಗೆ ಬಿಸಿನೀರಿನ ಚೀಲ ಇಟ್ಟು, ತಳದಲ್ಲೂ ಮೇಲೂ ನಾಲ್ಕಾರು ಕಡೆ ತಾಪ ಅಳೆದು ನಕ್ಷೆ ಬರೆಯಿರಿ. ಅನಂತರ ಮಕ್ಕಳನ್ನು ಕೇಳಿ: ನೀವು ಹಾವಾಗಿದ್ದರೆ ಎಲ್ಲಿ ಮಲಗುತ್ತಿದ್ದಿರಿ?