ಹುಲ್ಲು ಕಾದ ಇಲಾಖೆ: ಅಮೃತ ಮಹಲ್ ಕಾವಲುಗಳ ಚರಿತ್ರೆಯಿಂದ

ನಮ್ಮ ಮಡಕಶಿರಾ ತಾಲ್ಲೂಕಿನ ನಕ್ಷೆಯನ್ನು ಹರಡಿ ನೋಡಿದರೆ, ಅದು ಹಳೆಯ ಮೈಸೂರು ಸೀಮೆಯೊಳಗೆ ಚಾಚಿದ ನಾಲಗೆಯಂತೆ ಕಾಣುತ್ತದೆ. ಪಶ್ಚಿಮಕ್ಕೆ ಶಿರಾ, ದಕ್ಷಿಣಕ್ಕೆ ಮಧುಗಿರಿ, ಉತ್ತರಕ್ಕೆ ಪಾವಗಡ, ವಾಯವ್ಯಕ್ಕೆ ಹಿರಿಯೂರು. 1953ರಲ್ಲಿ ನಾವು ಮದರಾಸಿನಿಂದ ಆಂಧ್ರಕ್ಕೆ ಸೇರಿದೆವು. ನಮ್ಮ ದನಕುರಿಗಳಿಗೆ ಆ ಸುದ್ದಿ ಮುಟ್ಟಲಿಲ್ಲ. ನಾವು ಬಾಲಕರಾಗಿದ್ದಾಗ ಬೇಸಗೆ ಬಂದರೆ ಊರಿನ ಕುರುಬರು ಗಡಿಗಲ್ಲು ದಾಟಿ ಹಿರಿಯೂರಿನ ಕಡೆಗೆ ಮಂದೆ ಹೊಡೆದುಕೊಂಡು ಹೋಗುತ್ತಿದ್ದರು. ಎಲ್ಲಿಗೆ ಎಂದು ಕೇಳಿದರೆ ‘ಕಾವಲಿಗೆ’ ಎನ್ನುತ್ತಿದ್ದರು. ಆ ಕಾವಲು ಯಾರದು, ಯಾರಿಂದ ಯಾರನ್ನು ಕಾಯುವುದು ಎಂಬ ಪ್ರಶ್ನೆ ನಮಗೆ ಹೊಳೆದದ್ದು ಬಹಳ ತಡವಾಗಿ.

ಮೇವಿನ ಭೂಮಿಯನ್ನು ನೋಡಿಕೊಳ್ಳುವುದಕ್ಕೆಂದೇ ಸರ್ಕಾರಿ ತಜ್ಞರನ್ನು ನೇಮಿಸುವ ಪದ್ಧತಿ ಇಂದು ಅನೇಕ ದೇಶಗಳಲ್ಲಿದೆ. ಅಮೆರಿಕದಲ್ಲಿ ಸರ್ಕಾರಿ ಹುಲ್ಲುಗಾವಲುಗಳಲ್ಲಿ ದನ ಮೇಯಿಸುವುದನ್ನು ನಿಯಂತ್ರಿಸುವ ಕಾಯಿದೆ ಬಂದದ್ದು 1934ರಲ್ಲಿ. ಝಾನ್ಸಿಯಲ್ಲಿ ನಮ್ಮ ದೇಶದ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆ ಆರಂಭವಾದದ್ದು 1962ರಲ್ಲಿ. ಆದರೆ ಮೈಸೂರಿನಲ್ಲಿ ಇದೇ ಕೆಲಸಕ್ಕೆ ಹದಿನೇಳನೆಯ ಶತಮಾನದಲ್ಲಿಯೇ ಒಂದು ಕಚೇರಿ ಇತ್ತು. ಚಿಕ್ಕದೇವರಾಜ ಒಡೆಯರು ಅದನ್ನು ‘ಬೆಣ್ಣೆ ಚಾವಡಿ’ ಎಂದು ಕರೆದರು. ಅರಮನೆಗೆ ಹಾಲು ಬೆಣ್ಣೆ ಒದಗಿಸುವುದು ಅದರ ಹೆಸರಿಗೆ ತಕ್ಕ ಕೆಲಸ. ಇದಕ್ಕಾಗಿ ರಾಜ್ಯದ ನಾನಾ ಭಾಗಗಳಲ್ಲಿ ಹುಲ್ಲಿನ ಬಯಲುಗಳನ್ನು ಕಾವಲುಗಳೆಂದು ಕಾಯ್ದಿರಿಸಲಾಯಿತು.

ಹೈದರಾಲಿಯ ಕಾಲಕ್ಕೆ ಬೆಣ್ಣೆ ಹಿಂದೆ ಸರಿದು ಫಿರಂಗಿ ಮುಂದೆ ಬಂತು. ತೋಪುಗಳನ್ನೆಳೆಯಲು ಎತ್ತು ಬೇಕು. ಪಾಳೆಯಗಾರರನ್ನು ಗೆದ್ದಾಗ ದೊರೆತ ಉತ್ತಮ ತಳಿಗಳು ಹಿಂಡಿಗೆ ಸೇರುತ್ತ ಹೋದವು. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಬಗೆಗಳು ಈ ಹಿಂಡಿನ ಮೂಲವೆನ್ನುತ್ತಾರೆ. ಹಾಗಲವಾಡಿಯೂ ದುರ್ಗವೂ ನಮ್ಮ ಭಾಗಕ್ಕೆ ದೂರವಲ್ಲ. ಕಪ್ಪುನೆಲದ, ಕಲ್ಲುನೆಲದ ಬರವನ್ನು ಉಂಡು ಬೆಳೆದ ರಾಸುಗಳಿವು. ಚಿದಂಬರಕ್ಕೆ ನೆರವಾಗಲು ಹೈದರನು ಎರಡೂವರೆ ದಿನಗಳಲ್ಲಿ 100 ಮೈಲಿ ಸೈನ್ಯ ನಡೆಸಿದ್ದು ಈ ಎತ್ತುಗಳ ಬಲದಿಂದ ಎಂದು ರೈಸ್ ಸಾಹೇಬರು ತಮ್ಮ ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ. ಟಿಪ್ಪು ಸುಲ್ತಾನನು ಇಲಾಖೆಗೆ ‘ಅಮೃತ ಮಹಲ್’ ಎಂದು ಹೆಸರಿಟ್ಟು, ಅದರ ಆಡಳಿತಕ್ಕೆ ಹುಕುಂನಾಮೆ ಹೊರಡಿಸಿದನು. ವರ್ಷಕ್ಕೊಮ್ಮೆ ನಡೆಯುವ ರಾಸುಗಳ ಎಣಿಕೆಗೆ ತಾನೇ ಬಂದು ನಿಂತು, ಚೆನ್ನಾಗಿ ನೋಡಿಕೊಂಡವರಿಗೆ ಇನಾಮು ಕೊಡುತ್ತಿದ್ದನಂತೆ.

ಯುದ್ಧದ ಕಥೆಯನ್ನು ಎಲ್ಲರೂ ಬರೆದಿದ್ದಾರೆ. ನಮಗೆ ಹೆಚ್ಚು ಸೋಜಿಗವೆನಿಸುವುದು ಹುಲ್ಲಿನ ಲೆಕ್ಕ. ಈ ದನಗಳಿಗೆ ಕೊಟ್ಟಿಗೆ ಇರಲಿಲ್ಲ. ಮಳೆ, ಬಿಸಿಲು, ಚಳಿ ಎಲ್ಲವೂ ಬಯಲಿನಲ್ಲೇ. ಕಾಯುವವನ ಕೂಗನ್ನು ಬಲ್ಲ ಹಸು ಅಪರಿಚಿತನನ್ನು ಕಂಡರೆ ಕೊಂಬು ತಗ್ಗಿಸಿ ನುಗ್ಗುತ್ತಿತ್ತು. ಇಂಥ ಹಿಂಡನ್ನು ವರ್ಷವಿಡೀ ಸಾಕುವುದಕ್ಕೆ ಇದ್ದ ಉಪಾಯ ಒಂದೇ: ಸ್ಥಳ ಬದಲಿಸುವುದು. ಕಾವಲುಗಳನ್ನು ಬೇಸಗೆಯವು, ಮಳೆಗಾಲದವು, ಚಳಿಗಾಲದವು ಎಂದು ಮೂರಾಗಿ ವಿಂಗಡಿಸಿದ್ದರು. ಬೇಸಗೆಯ ಕಾವಲೆಂದರೆ ಸಾಮಾನ್ಯವಾಗಿ ಕೆರೆಯ ಅಂಗಳ. ನೀರು ಹಿಂಜರಿದಂತೆ ಅಲ್ಲಿ ಹಸಿ ಹುಲ್ಲು ಚಿಗುರುತ್ತದೆ. ದನ ನಿಲ್ಲಲು ನೆರಳುಮರಗಳಿರುವ ತಾವೂ ಬೇಸಗೆಗೆ ಮೀಸಲು. ಮಳೆ ಬಿದ್ದೊಡನೆ ಹಿಂಡು ಬೇರೆಡೆಗೆ ಹೊರಡಬೇಕು. ಎರೆಯ ನೆಲದಲ್ಲಿ ಮಳೆಗಾಲ ಕಳೆದ ದನದ ಗೊರಸು ಏನಾಗುತ್ತದೆಂಬುದನ್ನು ನಮ್ಮ ರೈತರಿಗೆ ಹೇಳಬೇಕಾಗಿಲ್ಲ.

ಹೀಗೆ ಹಿಂಡು ಹೋದ ಮೇಲೆ ಬಿಟ್ಟ ಕಾವಲಿನ ಹುಲ್ಲು ತೆನೆ ತೆಗೆದು, ಬೀಜ ಉದುರಿಸಿ, ಬೇರಿಗೆ ಬಲ ತುಂಬಿಕೊಳ್ಳುತ್ತಿತ್ತು. ಖಾಲಿ ಬಿದ್ದ ಕಾವಲು ಆ ತಿಂಗಳುಗಳಲ್ಲಿ ಕೆಲಸ ಮಾಡುತ್ತಿತ್ತೆಂದೇ ಹೇಳಬೇಕು. ಇದನ್ನು ಯಾವ ಪುಸ್ತಕವೂ ಕಲಿಸಿದ್ದಲ್ಲ. ದನಗಾಹಿಗಳ ತಿಳಿವಳಿಕೆ ಕಚೇರಿಯ ಕಾಗದಕ್ಕೆ ಏರಿತ್ತು, ಅಷ್ಟೆ. ನಮ್ಮ ಕುರುಬರು ಬೇಸಗೆಗೆ ಗಡಿ ದಾಟುತ್ತಿದ್ದದ್ದೂ ಇದೇ ಲೆಕ್ಕದಿಂದ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹಿಂಡು ಇಂಗ್ಲಿಷರ ವಶವಾಯಿತು. ಮುಂದೆ ವೆಲಿಂಗ್ಟನ್ ದೊರೆಯೆನಿಸಿದ ಆರ್ಥರ್ ವೆಲ್ಲೆಸ್ಲಿಯು ತನ್ನ ದಂಡಯಾತ್ರೆಗಳಲ್ಲಿ ಈ ಎತ್ತುಗಳನ್ನು ನೆಚ್ಚಿ ಹೊಗಳಿದವನು. ಆದರೂ ಹಿಂಡಿನ ಆಡಳಿತ ಸಡಿಲವಾಗಿ ರಾಸುಗಳು ಕ್ಷೀಣಿಸಿದವು. 1813ರಲ್ಲಿ ಕ್ಯಾಪ್ಟನ್ ಹಾರ್ವೆ ಎಂಬ ಸೇನಾಧಿಕಾರಿಯನ್ನು ನೇಮಿಸಿದ ಮೇಲೆ ಚೇತರಿಕೆ ಕಂಡಿತು. ಹುಣಸೂರಿನಲ್ಲಿ ಎಳೆಯ ಹೋರಿಗಳನ್ನು ಪಳಗಿಸುವ ಏರ್ಪಾಡಾಯಿತು. ಏಳನೆಯ ವರ್ಷಕ್ಕೆ ಎತ್ತು ಪೂರ್ಣ ಬಲಕ್ಕೆ ಬರುತ್ತದೆ, ಹನ್ನೆರಡು ದಾಟಿದರೆ ಇಳಿಯುತ್ತದೆ ಎಂಬಷ್ಟು ಖಚಿತವಾದ ಅನುಭವ ಆ ಕಚೇರಿಗಿತ್ತು.

ಇಷ್ಟೆಲ್ಲ ಇದ್ದೂ 1860ರಲ್ಲಿ, ಖರ್ಚು ಉಳಿಸುವ ಉತ್ಸಾಹದಲ್ಲಿ, ಸರ್ಕಾರ ಇಡೀ ಇಲಾಖೆಯನ್ನು ಮುಚ್ಚಿ ಹಿಂಡನ್ನು ಹರಾಜಿಗಿಟ್ಟಿತು. ಕೆಲವು ರಾಸುಗಳನ್ನು ಈಜಿಪ್ಟಿನ ಪಾಷಾ ಕೊಂಡನೆಂದು ಹೇಳುತ್ತಾರೆ. ಸೈನ್ಯಕ್ಕೆ ಎತ್ತು ಸಿಕ್ಕದೆ ಕೈಕೈ ಹಿಸುಕಿಕೊಳ್ಳಲು ಹೆಚ್ಚು ಕಾಲ ಬೇಕಾಗಲಿಲ್ಲ. 1866ರಲ್ಲಿ, ಬೌರಿಂಗ್ ಕಮಿಷನರಾಗಿದ್ದಾಗ, ಇಲಾಖೆಯನ್ನು ಮತ್ತೆ ಕಟ್ಟಬೇಕಾಯಿತು. ಮಾರಿದ್ದನ್ನು ಮರಳಿ ಕೊಳ್ಳಬಹುದು ಎಂಬ ಭಾಗ್ಯ ಆಗ ಇತ್ತು. ಏಕೆಂದರೆ ಕಾವಲುಗಳು ಇನ್ನೂ ಉಳಿದಿದ್ದವು.

1882ರಲ್ಲಿ ಹಿಂಡು ಮೈಸೂರು ಸರ್ಕಾರಕ್ಕೆ ಬಂತು. 1923ರಲ್ಲಿ ಸೇನೆಯಿಂದ ಕೃಷಿ ಇಲಾಖೆಗೆ ವರ್ಗವಾಯಿತು. ಮೋಟಾರು ಬಂದ ಮೇಲೆ ಫಿರಂಗಿಗೆ ಎತ್ತು ಬೇಡವಾಯಿತು. ಟ್ರ್ಯಾಕ್ಟರು ಬಂದ ಮೇಲೆ ನೇಗಿಲಿಗೂ ಬೇಡವಾಗುತ್ತ ಬಂತು. ಅಮೃತ ಮಹಲ್ ಹಸು ಹೆಚ್ಚು ಹಾಲು ಕರೆಯುವುದೂ ಅಲ್ಲ. ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಯಷ್ಟಿದ್ದ ಕಾವಲು ಸಾಗುವಳಿಗೆ, ನೀಲಗಿರಿ ನೆಡುತೋಪಿಗೆ, ನಿವೇಶನಕ್ಕೆ ಹಂಚಿಹೋಗಿ ಅಲ್ಪಭಾಗವಷ್ಟೇ ಉಳಿದಿದೆ. ಭೂಮಿಯಿಲ್ಲದ ಬಡವನಿಗೆ ತುಂಡು ನೆಲ ಕೊಟ್ಟದ್ದನ್ನು ನಾವು ತಪ್ಪೆನ್ನಲಾರೆವು. ತಪ್ಪು ಬೇರೆಡೆ ಇದೆ. ಅದು ಹೆಸರಿಡುವುದರಲ್ಲಿ ಆರಂಭವಾಯಿತು ಎಂಬುದು ನಮ್ಮ ಅಭಿಪ್ರಾಯ. ಮೈಸೂರಿನ ದಫ್ತರದಲ್ಲಿ ‘ಹುಲ್ಲುಬನ್ನಿ’, ‘ಗೋಮಾಳ’ ಎಂಬ ಮಾತುಗಳ ಪಕ್ಕದಲ್ಲೇ ‘ಖರಾಬು’ ಇತ್ತು. ಮದರಾಸಿನ ದಫ್ತರದಡಿಯಲ್ಲಿದ್ದ ನಮ್ಮ ಭಾಗದಲ್ಲಿ ಅಂಥ ನೆಲವೂ ‘ಪೋರಂಬೋಕು’. ಆ ಮಾತನ್ನು ಹಳ್ಳಿಗಳಲ್ಲಿ ಕೆಲಸಕ್ಕೆ ಬಾರದ ಹುಡುಗನನ್ನು ಬೈಯುವುದಕ್ಕೂ ಬಳಸುತ್ತಾರೆ.

ಶಾಲೆಯಲ್ಲಿದ್ದಾಗ ಒಮ್ಮೆ ಮಕ್ಕಳನ್ನು ನಮ್ಮ ಗಡಿಗೆ ಅಂಟಿಕೊಂಡಿರುವ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿಗೆ ಕರೆದೊಯ್ದಿದ್ದೆವು. ಒಬ್ಬ ಹುಡುಗ ಸುತ್ತ ನೋಡಿ, “ಸಾರ್, ಇಲ್ಲಿ ಏನೂ ಇಲ್ಲವಲ್ಲ!” ಎಂದ. ಅವನ ಮಾತು ಮುಗಿಯುವಷ್ಟರಲ್ಲಿ ಹುಲ್ಲಿನ ನಡುವಿನಿಂದ ಕೃಷ್ಣಮೃಗಗಳ ಹಿಂಡೊಂದು ಎದ್ದು ನೆಗೆಯುತ್ತ ಓಡಿತು. ಆ ಹುಡುಗನನ್ನು ನಾವು ಗದರಲಿಲ್ಲ. ಸರ್ವೆ ಮಾಡಿದ ದೊಡ್ಡವರು ಬರೆದದ್ದನ್ನೇ ಅವನು ಹೇಳಿದ್ದ.

ಆಮೇಲೆ ಚಳ್ಳಕೆರೆಯ ಸಂಗತಿ ಬಂತು. ಆ ತಾಲ್ಲೂಕಿನ ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳಲ್ಲಿ ಸುಮಾರು 10,000 ಎಕರೆಯನ್ನು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಸರ್ಕಾರ ಮಂಜೂರು ಮಾಡಿತು. ಗೋಡೆಗಳೆದ್ದ ಮೇಲೆ ಸುತ್ತಲಿನ ಹಳ್ಳಿಯವರು ಪ್ರತಿಭಟಿಸಿದರು. ವ್ಯಾಜ್ಯ ಹಸಿರು ನ್ಯಾಯಾಧಿಕರಣದ ಮೆಟ್ಟಿಲೇರಿತು. ದೇಶಕ್ಕೆ ವಿಜ್ಞಾನ ಬೇಕು, ಅದನ್ನು ಅಲ್ಲಗಳೆಯುವ ವಯಸ್ಸು ನಮ್ಮದಲ್ಲ. ಆದರೆ ಅಲ್ಲಿ ಕುರಿ ಮೇಯಿಸಿ, ಆ ಕುರಿಯ ಉಣ್ಣೆಯಿಂದ ಕಂಬಳಿ ನೇಯ್ದು ಬದುಕುವವರು ಇದ್ದಾರೆಂಬುದು ಮಂಜೂರಾತಿಗೆ ಮೊದಲು ಯಾರಿಗೂ ನೆನಪಾಗಲಿಲ್ಲವೆಂಬುದೇ ವ್ಯಥೆ.

ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರದಲ್ಲಿ ಅಮೃತ ಮಹಲ್ ಹಿಂಡು ಇಂದಿಗೂ ಇದೆ. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಕೃಷ್ಣಮೃಗಗಳಿಗಾಗಿ ಸಂರಕ್ಷಿತ ಮೀಸಲೆಂದು ಘೋಷಿಸಿದ್ದಾರೆ. ನಮ್ಮೂರಿನ ಕುರುಬರಲ್ಲಿ ಎರಡು ಮನೆಯವರು ಈಗಲೂ ಬೇಸಗೆಗೆ ಮಂದೆ ಹೊಡೆದುಕೊಂಡು ಗಡಿ ದಾಟುತ್ತಾರೆ. ಕಳೆದ ಸಲ ಹೊರಡುವಾಗ ಎಲ್ಲಿಗೆ ಎಂದು ಕೇಳಿದೆವು. “ಎಲ್ಲಿ ಬೇಲಿ ಇಲ್ಲವೋ ಅಲ್ಲಿಗೆ, ಮೇಷ್ಟ್ರೇ” ಎಂದರು.