ನಗುವ ಸೂಪರ್‌ಹೀರೋ, ಮುನಿಯುವ ಅಭಿಮಾನಿ

ಸೂಪರ್‌ಹೀರೋ ಚಿತ್ರದ ಮುಂದಿನ ಭಾಗದಲ್ಲಿ ಹಾಸ್ಯ ಹೆಚ್ಚಿದಾಗಲೆಲ್ಲ ಅದರ ಅಭಿಮಾನಿಗಳು ಎರಡು ಪಾಳೆಯವಾಗುತ್ತಾರೆ. ಹಾಲಿವುಡ್‌ನಲ್ಲಿ ಈ ಜಗಳಕ್ಕೆ ನಲವತ್ತು ವರ್ಷ ದಾಟಿದೆ. ಇದನ್ನು ಹಾಸ್ಯದ ಪರ–ವಿರೋಧದ ವಾದವೆಂದು ನೋಡುವುದು ರೂಢಿ. ಚರಿತ್ರೆಯನ್ನು ಕ್ರಮವಾಗಿ ನೋಡಿದರೆ ಅಭಿಮಾನಿಗಳ ತಕರಾರು ಬೇರೆಯದೇ ಎಂದು ತಿಳಿಯುತ್ತದೆ. ನಾಯಕ ನಗಿಸಿದರೆ ಅವರು ಒಪ್ಪಿದ್ದಾರೆ. ನಾಯಕನನ್ನೇ ನಗೆಪಾಟಲು ಮಾಡಿದಾಗ ಮುನಿದಿದ್ದಾರೆ.

ಈ ಮುನಿಸಿನ ಬೇರು ಒಂದು ಟಿವಿ ಧಾರಾವಾಹಿಯಲ್ಲಿದೆ. ಆಡಮ್ ವೆಸ್ಟ್ ನಟಿಸಿದ ‘ಬ್ಯಾಟ್‌ಮ್ಯಾನ್’ 1966ರ ಜನವರಿಯಿಂದ 1968ರ ಮಾರ್ಚ್‌ವರೆಗೆ 120 ಕಂತುಗಳಲ್ಲಿ ಪ್ರಸಾರವಾಯಿತು. ಹೊಡೆದಾಟದ ನಡುವೆ ಪರದೆಯ ತುಂಬ ಬಣ್ಣದ ಅಕ್ಷರಗಳಲ್ಲಿ ಏಟಿನ ಸದ್ದು ಮೂಡುತ್ತಿತ್ತು. ಮನೆಮಂದಿಯೆಲ್ಲ ನಕ್ಕರು. ಆದರೆ ಕಾಮಿಕ್ಸ್ ಓದಿ ಬೆಳೆದ ಅನೇಕರಿಗೆ ತಾವು ಮೆಚ್ಚಿದ ಲೋಕವನ್ನು ಊರೇ ಸೇರಿ ಗೇಲಿ ಮಾಡಿದಂತಾಯಿತು. ಆ ನೋವು ಮುಂದಿನ ಎರಡು ದಶಕ ಅವರ ಜೊತೆಗೇ ಉಳಿಯಿತು.

1978ರ ಡಿಸೆಂಬರ್‌ನಲ್ಲಿ ಬಂದ ‘ಸೂಪರ್‌ಮ್ಯಾನ್’ ಆ ನೋವಿಗೆ ಸ್ವಲ್ಪಮಟ್ಟಿಗೆ ಔಷಧವಾಯಿತು. ನಿರ್ದೇಶಕ ರಿಚರ್ಡ್ ಡಾನರ್ ಹಾರುವ ಮನುಷ್ಯನ ಕತೆಯನ್ನು ನಿಜವೆಂಬಂತೆ ಹೇಳಲು ಪಣ ತೊಟ್ಟಿದ್ದರು. ಕ್ರಿಸ್ಟೋಫರ್ ರೀವ್ ಅವರ ಸೂಪರ್‌ಮ್ಯಾನ್ ಕ್ಲಾರ್ಕ್ ಕೆಂಟ್ ಎಂಬ ಸಾಮಾನ್ಯನ ವೇಷದಲ್ಲಿ ತಡವರಿಸುತ್ತಾನೆ, ಎಡವುತ್ತಾನೆ, ಕನ್ನಡಕ ಸರಿಮಾಡಿಕೊಳ್ಳುತ್ತಾನೆ. ನಗು ಬರುವುದು ಅವನ ಮುಚ್ಚುಮರೆಯಿಂದಲೇ. ಅವನ ಶಕ್ತಿಯನ್ನಾಗಲಿ ಒಳ್ಳೆಯತನವನ್ನಾಗಲಿ ಚಿತ್ರ ಎಲ್ಲಿಯೂ ಹಗುರ ಮಾಡುವುದಿಲ್ಲ.

ಮೊದಲ ಮತ್ತು ಎರಡನೇ ಭಾಗಗಳ ಚಿತ್ರೀಕರಣ 1977ರಲ್ಲಿ ಒಟ್ಟಿಗೇ ಆರಂಭವಾಗಿತ್ತು. ಎರಡನೇ ಭಾಗದ ಬಹುಪಾಲು ಡಾನರ್ ಕೈಯಲ್ಲೇ ಮುಗಿದಿತ್ತು ಕೂಡ. ಆದರೆ ನಿರ್ಮಾಪಕರಾದ ಅಲೆಕ್ಸಾಂಡರ್ ಮತ್ತು ಇಲ್ಯಾ ಸಾಲ್ಕೈಂಡ್ ಜೊತೆ ಖರ್ಚು, ಗಡುವುಗಳ ವಿಚಾರದಲ್ಲಿ ಅವರಿಗೆ ಸರಿಬರಲಿಲ್ಲ. 1979ರಲ್ಲಿ ಅವರನ್ನು ಕೈಬಿಟ್ಟು ರಿಚರ್ಡ್ ಲೆಸ್ಟರ್ ಅವರನ್ನು ಕರೆತರಲಾಯಿತು. ಬೀಟಲ್ಸ್ ತಂಡದ ಚಿತ್ರ, ‘ತ್ರೀ ಮಸ್ಕಿಟಿಯರ್ಸ್’ ಮೊದಲಾದವುಗಳಿಂದ ಲೆಸ್ಟರ್ ಚುರುಕು ಹಾಸ್ಯಕ್ಕೆ ಹೆಸರಾಗಿದ್ದವರು. ನಿರ್ದೇಶಕರೆಂದು ತೆರೆಯ ಮೇಲೆ ಹೆಸರು ಬರಬೇಕಾದರೆ ಚಿತ್ರದ ದೊಡ್ಡ ಪಾಲು ಅವರದೇ ಆಗಬೇಕಿತ್ತು. ಹಾಗಾಗಿ ಆಗಲೇ ತೆಗೆದಿದ್ದ ದೃಶ್ಯಗಳನ್ನೂ ಬದಿಗಿಟ್ಟು ಹೊಸದಾಗಿ ತೆಗೆದರು. ಖಳನಾಯಕ ಲೆಕ್ಸ್ ಲೂಥರ್ ಪಾತ್ರದ ಜೀನ್ ಹ್ಯಾಕ್‌ಮನ್ ಮರುಚಿತ್ರೀಕರಣಕ್ಕೆ ಬರಲಿಲ್ಲ; ಕೆಲವೆಡೆ ಬದಲಿ ನಟನಿಂದ ಕೆಲಸ ಸಾಗಿಸಬೇಕಾಯಿತು. ಸೂಪರ್‌ಮ್ಯಾನ್ ತಂದೆಯ ಪಾತ್ರದ ಮಾರ್ಲನ್ ಬ್ರಾಂಡೊ ದೃಶ್ಯಗಳು ಹಣದ ವ್ಯಾಜ್ಯದಿಂದ ಕತ್ತರಿಗೆ ಬಿದ್ದು, ಆ ಜಾಗಕ್ಕೆ ತಾಯಿಯ ಪಾತ್ರ ಬಂತು.

1981ರ ಜೂನ್‌ನಲ್ಲಿ ‘ಸೂಪರ್‌ಮ್ಯಾನ್ 2’ ಅಮೆರಿಕದಲ್ಲಿ ತೆರೆಕಂಡು, ಅಲ್ಲಿಯೇ 10.8 ಕೋಟಿ ಡಾಲರ್ ಗಳಿಸಿತು. ಸಾಮಾನ್ಯ ಪ್ರೇಕ್ಷಕರು ಸಂತೋಷದಿಂದಲೇ ನೋಡಿದರು. ಅಭಿಮಾನಿಗಳ ಕಣ್ಣು ಮಾತ್ರ ಮೆಟ್ರೊಪೊಲಿಸ್ ನಗರದ ಬೀದಿಯ ಕಾಳಗದ ಮೇಲೆ ನೆಟ್ಟಿತು. ಸೂಪರ್‌ಮ್ಯಾನ್ ಹುಟ್ಟಿದ ಕ್ರಿಪ್ಟಾನ್ ಗ್ರಹದ ಮೂವರು ದುಷ್ಟರು ಬಾಯಿಂದ ಬಿರುಗಾಳಿ ಊದುತ್ತಾರೆ. ಜನ ಸಾವು–ಬದುಕಿನ ನಡುವೆ ಇರಬೇಕಾದ ಆ ಗಳಿಗೆಯಲ್ಲಿ ಒಬ್ಬನ ಐಸ್‌ಕ್ರೀಮ್ ಮುಖಕ್ಕೆ ಬಡಿಯುತ್ತದೆ, ಇನ್ನೊಬ್ಬನ ಟೋಪನ್ ಹಾರಿಹೋಗುತ್ತದೆ, ಮತ್ತೊಬ್ಬ ಫೋನ್ ಬೂತ್ ಉರುಳಿದರೂ ಮಾತು ನಿಲ್ಲಿಸುವುದಿಲ್ಲ. ಊರಿಗೇ ಅಪಾಯ ತಟ್ಟದಿದ್ದರೆ ಊರನ್ನು ಕಾಯುವವನಿಗೆ ಏನು ಬೆಲೆ ಎಂಬುದು ಅಭಿಮಾನಿಗಳ ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆಯೇ.

1983ರ ‘ಸೂಪರ್‌ಮ್ಯಾನ್ 3’ ಆ ದಾರಿಯಲ್ಲಿ ಇನ್ನಷ್ಟು ಮುಂದೆ ಹೋಯಿತು. ಆ ಕಾಲದ ಅತಿ ಜನಪ್ರಿಯ ಹಾಸ್ಯನಟ ರಿಚರ್ಡ್ ಪ್ರಯರ್ ಗಸ್ ಗೋರ್ಮನ್ ಎಂಬ ಕಂಪ್ಯೂಟರ್ ಚತುರನಾಗಿ ಬಂದರು. ಚಿತ್ರ ಶುರುವಾಗುವುದೇ ಬೀದಿಯಲ್ಲಿ ಒಬ್ಬರ ಮೇಲೊಬ್ಬರು ಬೀಳುವ, ಮುಗ್ಗರಿಸುವ ಸರಣಿ ಅವಘಡಗಳಿಂದ. ಪ್ರಯರ್ ದೊಡ್ಡ ಕಲಾವಿದ. ಆದರೆ ಕತೆ ಅವರ ಸುತ್ತ ತಿರುಗಿದಷ್ಟೂ ಸೂಪರ್‌ಮ್ಯಾನ್ ತನ್ನದೇ ಚಿತ್ರದಲ್ಲಿ ಅತಿಥಿಯಾದ. ಅಮೆರಿಕದ ಗಳಿಕೆ ಸುಮಾರು 6 ಕೋಟಿ ಡಾಲರಿಗೆ ಇಳಿಯಿತು. ಹಾಗೆಂದು ಅಭಿಮಾನಿಗಳು ಇಡೀ ಚಿತ್ರವನ್ನು ತಳ್ಳಿಹಾಕಲಿಲ್ಲ. ತನ್ನ ಶಕ್ತಿ ಕುಗ್ಗಿಸುವ ಕ್ರಿಪ್ಟೊನೈಟ್ ಖನಿಜದ ನಕಲಿಯಿಂದ ಕೆಟ್ಟವನಾದ ಸೂಪರ್‌ಮ್ಯಾನ್ ಪೀಸಾದ ವಾಲುಗೋಪುರವನ್ನು ನೆಟ್ಟಗೆ ಮಾಡುತ್ತಾನೆ, ಒಲಿಂಪಿಕ್ ಜ್ಯೋತಿಯನ್ನು ಊದಿ ಆರಿಸುತ್ತಾನೆ. ಕೊನೆಗೆ ಹಳೆಯ ವಾಹನಗಳ ಗುಜರಿಯಲ್ಲಿ ತನ್ನೊಳಗಿನ ಕ್ಲಾರ್ಕ್ ಕೆಂಟ್ ಜೊತೆಗೇ ಕಾದಾಡುತ್ತಾನೆ. ರೀವ್ ಎರಡೂ ಮುಖಗಳನ್ನು ಅಭಿನಯಿಸಿದ ಆ ಭಾಗ ಇಂದಿಗೂ ಅವರ ಅತ್ಯುತ್ತಮ ಕೆಲಸಗಳಲ್ಲಿ ಒಂದೆಂಬ ಮೆಚ್ಚುಗೆ ಪಡೆಯುತ್ತದೆ.

ಅಷ್ಟರಲ್ಲಿ ಎರಡನೇ ಭಾಗದ ಕತೆ ಬೇರೆ ತಿರುವು ಪಡೆಯಿತು. 1984ರಲ್ಲಿ ಅಮೆರಿಕದ ಎಬಿಸಿ ವಾಹಿನಿ ಅದನ್ನು ಪ್ರಸಾರ ಮಾಡಿದಾಗ ಚಿತ್ರಮಂದಿರದಲ್ಲಿ ಇರದಿದ್ದ ದೃಶ್ಯಗಳು ಕಂಡವು. ಬೇರೆ ಬೇರೆ ದೇಶಗಳ ಟಿವಿ ಪ್ರಸಾರಗಳಲ್ಲಿ ಬೇರೆ ಬೇರೆ ತುಣುಕುಗಳಿದ್ದವು. ಅಭಿಮಾನಿಗಳು ಅವನ್ನು ವಿಡಿಯೊ ಕ್ಯಾಸೆಟ್‌ಗಳಲ್ಲಿ ಹಿಡಿದಿಟ್ಟರು, ಪರಸ್ಪರ ಹಂಚಿಕೊಂಡರು, ಯಾವ ದೃಶ್ಯ ಡಾನರದು, ಯಾವುದು ಲೆಸ್ಟರದು ಎಂದು ಬಿಡಿಸಿದರು. ಡಾನರ್ ಕಟ್ಟಿದ ಚಿತ್ರವನ್ನು ಬಿಡುಗಡೆ ಮಾಡಿ ಎಂಬ ಬೇಡಿಕೆ ವರ್ಷಗಟ್ಟಲೆ ನಡೆಯಿತು. ಸಂಕಲನಕಾರ ಮೈಕಲ್ ಥಾವ್ ಹಳೆಯ ರೀಲುಗಳನ್ನು ಹುಡುಕಿ ಜೋಡಿಸಿದರು. 2006ರ ನವೆಂಬರ್‌ನಲ್ಲಿ ಡಾನರ್ ಆವೃತ್ತಿ ಡಿವಿಡಿಯಾಗಿ ಹೊರಬಂತು. ಅಷ್ಟು ಹೊತ್ತಿಗೆ ರೀವ್ ತೀರಿಹೋಗಿ ಎರಡು ವರ್ಷವಾಗಿತ್ತು. ಚಿತ್ರವನ್ನು ಅವರಿಗೇ ಅರ್ಪಿಸಲಾಗಿದೆ.

ಎರಡೂ ಆವೃತ್ತಿಗಳನ್ನು ಅಕ್ಕಪಕ್ಕ ಇಟ್ಟರೆ ಅಭಿಮಾನಿಗಳ ಅಭಿರುಚಿ ಸ್ಪಷ್ಟವಾಗುತ್ತದೆ. ಡಾನರ್ ಆವೃತ್ತಿಯಲ್ಲೂ ನಗು ಧಾರಾಳವಾಗಿದೆ. ಕ್ಲಾರ್ಕ್‌ನ ಸಹೋದ್ಯೋಗಿ ಪತ್ರಕರ್ತೆ ಲೋಯಿಸ್ ಲೇನ್ ಪತ್ರಿಕೆಯಲ್ಲಿ ಬಂದ ಸೂಪರ್‌ಮ್ಯಾನ್ ಚಿತ್ರದ ಮೇಲೆ ಪೆನ್ನಿನಿಂದ ಕನ್ನಡಕ, ಹ್ಯಾಟು ಬರೆಯುತ್ತಾಳೆ. ಕ್ಲಾರ್ಕನೇ ಸೂಪರ್‌ಮ್ಯಾನ್ ಎಂಬ ಗುಟ್ಟು ಬಯಲಿಗೆಳೆಯಲೆಂದು ಕಚೇರಿಯ ಕಿಟಕಿಯಿಂದ ಜಿಗಿದೇ ಬಿಡುತ್ತಾಳೆ. ಕ್ಲಾರ್ಕ್ ಯಾರಿಗೂ ಕಾಣದಂತೆ ಕೆಳಗಿನಿಂದ ಉಸಿರೂದಿ ಅವಳ ಬೀಳುವ ವೇಗ ತಗ್ಗಿಸುತ್ತಾನೆ. ಅವಳು ಹಣ್ಣಿನ ಅಂಗಡಿಯ ಮೇಲೆ ಸುರಕ್ಷಿತವಾಗಿ ಬಂದು ಬೀಳುತ್ತಾಳೆ. ಮುಂದೆ ಅವಳು ಅವನತ್ತ ಪಿಸ್ತೂಲು ಹಾರಿಸಿ, ಅವನು ಸತ್ಯ ಒಪ್ಪಿಕೊಂಡ ಮೇಲೆ ಅದರಲ್ಲಿ ಗುಂಡೇ ಇರಲಿಲ್ಲ ಎನ್ನುತ್ತಾಳೆ. ಆ ದೃಶ್ಯ ಪೂರ್ಣವಾಗಿ ಚಿತ್ರೀಕರಣವಾಗಿರಲಿಲ್ಲ. ರೀವ್ ಮತ್ತು ಲೋಯಿಸ್ ಪಾತ್ರದ ಮಾರ್ಗೊ ಕಿಡರ್ ಅವರ ಸ್ಕ್ರೀನ್ ಟೆಸ್ಟ್ ತುಣುಕುಗಳನ್ನೇ ಸೇರಿಸಲಾಯಿತು. ಕೇಶವಿನ್ಯಾಸವೂ ಹೊಂದುವುದಿಲ್ಲ. ಆದರೂ ಅಭಿಮಾನಿಗಳು ಮುಗಿಬಿದ್ದು ಮೆಚ್ಚಿದರು. ಲೆಸ್ಟರ್ ಆವೃತ್ತಿಯಲ್ಲಿ ಕ್ಲಾರ್ಕ್ ಎಡವಿ, ಅವನ ಕೈ ಬೆಂಕಿಗೆ ಬಿದ್ದು ಗುಟ್ಟು ರಟ್ಟಾಗುತ್ತದೆ. ಡಾನರ್ ಆವೃತ್ತಿಯಲ್ಲಿ ಗೆಲ್ಲುವುದು ಲೋಯಿಸ್‌ಳ ಬುದ್ಧಿ, ಲೆಸ್ಟರ್ ಆವೃತ್ತಿಯಲ್ಲಿ ನಡೆಯುವುದು ಒಂದು ಆಕಸ್ಮಿಕ. ಡಾನರ್ ಆವೃತ್ತಿಯ ಕೊನೆ ಮೊದಲ ಚಿತ್ರದಂತೆಯೇ ಕಾಲವನ್ನು ಹಿಂದಕ್ಕೆ ತಿರುಗಿಸುತ್ತದೆ ಎಂಬ ಕೊರತೆಯನ್ನೂ ಅದೇ ಅಭಿಮಾನಿಗಳು ಎತ್ತಿ ತೋರಿಸಿದರು.

ಬ್ಯಾಟ್‌ಮ್ಯಾನ್ ವಿಷಯದಲ್ಲಿ ಹಾಸ್ಯದ ಭಯ ಇನ್ನೂ ತೀವ್ರವಾಗಿತ್ತು. 1988ರಲ್ಲಿ ಹಾಸ್ಯಪಾತ್ರಗಳಿಗೆ ಹೆಸರಾದ ಮೈಕಲ್ ಕೀಟನ್ ಬ್ಯಾಟ್‌ಮ್ಯಾನ್ ಪಾತ್ರಕ್ಕೆ ಆಯ್ಕೆಯಾದಾಗ ವಾರ್ನರ್ ಸಂಸ್ಥೆಗೆ ಸುಮಾರು 50,000 ಪ್ರತಿಭಟನಾ ಪತ್ರಗಳು ಬಂದವೆಂದು ಆಗಿನ ವರದಿಗಳು ಹೇಳಿದವು. ಚಿತ್ರ ಬಂದ ಮೇಲೆ ಆ ಭಯ ಸುಳ್ಳಾಯಿತು. ನಿಜವಾದದ್ದು 1997ರಲ್ಲಿ. ಜೋಯಲ್ ಶೂಮಾಕರ್ ನಿರ್ದೇಶನದ ‘ಬ್ಯಾಟ್‌ಮ್ಯಾನ್ ಆ್ಯಂಡ್ ರಾಬಿನ್’ನಲ್ಲಿ ಅರ್ನಾಲ್ಡ್ ಶ್ವಾರ್ಜ್‌ನೆಗರ್ ಖಳನಾಗಿ ಹೆಜ್ಜೆಹೆಜ್ಜೆಗೂ ಹಿಮದ ಶ್ಲೇಷೆ ಹೊಡೆದರು. ಅಭಿಮಾನಿಗಳ ಸಿಟ್ಟಿಗೆ ಯೋಜನೆಯಲ್ಲಿದ್ದ ಮುಂದಿನ ಭಾಗವೇ ನಿಂತಿತು. 2005ರವರೆಗೆ ಹೊಸ ಬ್ಯಾಟ್‌ಮ್ಯಾನ್ ಚಿತ್ರ ಬರಲಿಲ್ಲ. ಶೂಮಾಕರ್ ಮುಂದೆ ಬಹಿರಂಗವಾಗಿ ಕ್ಷಮೆ ಕೇಳಿದರು.

ಡೆಡ್‌ಪೂಲ್ ಬಂದಾಗ ಲೆಕ್ಕ ತಲೆಕೆಳಗಾಯಿತು. ರಾಬ್ ಲೀಫೆಲ್ಡ್ ಮತ್ತು ಫೇಬಿಯನ್ ನಿಸೀಜಾ ಸೃಷ್ಟಿಸಿದ ಈ ವಾಚಾಳಿಗೆ ಮಾತೇ ಆಯುಧ. 2009ರ ವುಲ್ವರೀನ್ ಚಿತ್ರದಲ್ಲಿ ಅವನ ಬಾಯನ್ನೇ ಹೊಲಿದುಬಿಟ್ಟರು. ಹಾಸ್ಯ ಹೆಚ್ಚಾಯಿತೆಂದು ಗೊಣಗುತ್ತಿದ್ದ ಅಭಿಮಾನಿ ವರ್ಗವೇ ಈ ಸಲ ಹಾಸ್ಯ ಕಿತ್ತುಕೊಂಡರೆಂದು ಕೆರಳಿತು. 2014ರ ಜುಲೈನಲ್ಲಿ ಸೋರಿಕೆಯಾದ ಡೆಡ್‌ಪೂಲ್ ಪರೀಕ್ಷಾ ತುಣುಕಿಗೆ ಬಂದ ಸ್ವಾಗತದಿಂದಲೇ ಫಾಕ್ಸ್ ಸಂಸ್ಥೆ ಚಿತ್ರಕ್ಕೆ ಒಪ್ಪಿಗೆ ಕೊಟ್ಟಿತು. 5.8 ಕೋಟಿ ಡಾಲರಿನಲ್ಲಿ ತಯಾರಾದ ‘ಡೆಡ್‌ಪೂಲ್’ 2016ರಲ್ಲಿ 78 ಕೋಟಿ ಗಳಿಸಿತು.

2018ರ ಮೇ 18ರಂದು ಬಂದ ‘ಡೆಡ್‌ಪೂಲ್ 2’ಗೆ ಸಿಕ್ಕ ಪ್ರತಿಕ್ರಿಯೆ ಹಿಂದಿನ ಯಾವುದಕ್ಕಿಂತ ಸೂಕ್ಷ್ಮವಾಗಿತ್ತು. ಡೆಡ್‌ಪೂಲ್‌ನ ತಂಡಕ್ಕೆ ಜನ ಬೇಕೆಂಬ ಜಾಹೀರಾತು ನೋಡಿ ಬಂದ, ಯಾವ ಶಕ್ತಿಯೂ ಇಲ್ಲದ ಪೀಟರ್ ಎಂಬ ಮಧ್ಯವಯಸ್ಕ ರಾತ್ರೋರಾತ್ರಿ ಅಚ್ಚುಮೆಚ್ಚಾದ. ಚಿತ್ರದ ಪ್ರಚಾರದಲ್ಲಿ ಮೆರೆದ, ಡೆಡ್‌ಪೂಲ್ ಕಟ್ಟಿದ ಎಕ್ಸ್–ಫೋರ್ಸ್ ತಂಡ ಪ್ಯಾರಾಚೂಟ್‌ನಲ್ಲಿ ಇಳಿಯುತ್ತಲೇ ಹೆಚ್ಚುಕಡಿಮೆ ನಿರ್ನಾಮವಾಗುವ ತಮಾಷೆಗೆ ಚಿತ್ರಮಂದಿರಗಳು ನಕ್ಕವು. ಆದರೆ ನಾಯಕನ ಗೆಳತಿ ವೆನೆಸ್ಸಾಳನ್ನು ಆರಂಭದಲ್ಲೇ ಕೊಂದದ್ದು ಅನೇಕರಿಗೆ ನೋವು ತಂದಿತು. ಗಂಡಿನ ದುಃಖಕ್ಕಾಗಿ ಹೆಣ್ಣುಪಾತ್ರವನ್ನು ಬಲಿಕೊಡುವ ಕಾಮಿಕ್ಸ್‌ನ ಹಳೆಯ ಚಾಳಿಯನ್ನು ಲೇಖಕಿ ಗೇಲ್ ಸಿಮೋನ್ 1999ರಲ್ಲೇ ಪಟ್ಟಿ ಮಾಡಿ ತೋರಿಸಿದ್ದರು. ಟೀಕಾಕಾರರು ಅದನ್ನು ಮತ್ತೆ ನೆನಪಿಸಿದರು. ಕೊನೆಯ ಹೆಸರುಪಟ್ಟಿಯ ನಡುವೆ ಡೆಡ್‌ಪೂಲ್ ಕಾಲದಲ್ಲಿ ಹಿಂದಕ್ಕೆ ಹೋಗಿ ವೆನೆಸ್ಸಾಳನ್ನೂ ಪೀಟರನನ್ನೂ ಉಳಿಸುತ್ತಾನೆ, ಬಾಯಿ ಹೊಲಿದಿದ್ದ 2009ರ ಡೆಡ್‌ಪೂಲ್‌ನನ್ನು ಕೊಲ್ಲುತ್ತಾನೆ. ಅಭಿಮಾನಿಗಳ ಒಂಬತ್ತು ವರ್ಷದ ಕೋಪವನ್ನು ಸಿನಿಮಾ ತನ್ನ ಮೈಮೇಲೆಯೇ ತೀರಿಸಿಕೊಂಡ ಆ ಗಳಿಗೆಗೆ ಚಪ್ಪಾಳೆ ಬಿತ್ತು.

2024ರ ಜುಲೈನಲ್ಲಿ ಬಂದ ಮೂರನೇ ಭಾಗ ಇನ್ನೊಂದು ಹಳೆಯ ಬೇಡಿಕೆಯನ್ನು ಈಡೇರಿಸಿತು. ವುಲ್ವರೀನ್‌ಗೆ ಕಾಮಿಕ್ಸ್‌ನ ಹಳದಿ ಉಡುಪು ತೊಡಿಸಿ ಎಂದು ಅಭಿಮಾನಿಗಳು 2000ದಿಂದಲೂ ಕೇಳುತ್ತಿದ್ದರು. ವುಲ್ವರೀನ್ ಇದ್ದ ಗಂಭೀರ ಎಕ್ಸ್–ಮೆನ್ ಚಿತ್ರಗಳು ಆ ಉಡುಪಿಗೆ ನಾಚಿಕೊಂಡವು. ವುಲ್ವರೀನ್ ಪಾತ್ರದ ಹ್ಯೂ ಜಾಕ್‌ಮನ್ ಅದನ್ನು ಕೊನೆಗೂ ತೊಟ್ಟದ್ದು ‘ಡೆಡ್‌ಪೂಲ್ ಆ್ಯಂಡ್ ವುಲ್ವರೀನ್’ ಎಂಬ ಹಾಸ್ಯಚಿತ್ರದಲ್ಲಿ. ಅದು ಜಗತ್ತಿನಾದ್ಯಂತ 130 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು.